ಸೂರ್ಯನ ಒಲೆಗೆ ಸೌದೆ ಯಾವುದು?

ಸೂರ್ಯನು ಉರಿಯುತ್ತಿದ್ದಾನೆ ಎಂದು ನಾವೆಲ್ಲರೂ ಹೇಳುತ್ತೇವೆ. ಒಲೆ ಉರಿಯುವುದನ್ನೂ ದೀಪ ಉರಿಯುವುದನ್ನೂ ಕಂಡ ನಮಗೆ ಬೇರೆ ಮಾತು ತೋಚುವುದಿಲ್ಲ. ಆದರೆ ಒಲೆಗೆ ಆಗಾಗ ಸೌದೆಯನ್ನಿಡಬೇಕು, ದೀಪಕ್ಕೆ ಎಣ್ಣೆಯನ್ನೆರೆಯಬೇಕು. ಸೂರ್ಯನ ಒಲೆಗೆ ಸೌದೆ ಯಾವುದು? ಇದು ಮಕ್ಕಳು ಕೇಳುವ ಪ್ರಶ್ನೆಯೆಂದು ತಳ್ಳಿಹಾಕತಕ್ಕದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಮಹಾಮೇಧಾವಿಗಳು ಇದಕ್ಕೆ ಕೊಟ್ಟ ಉತ್ತರ ತಪ್ಪಾಗಿದ್ದಿತು. ಆ ತಪ್ಪು ಉತ್ತರದಿಂದ ಭೂವಿಜ್ಞಾನಿಗಳೂ ಜೀವವಿಜ್ಞಾನಿಗಳೂ ಎಷ್ಟೋ ವರ್ಷ ಸಂಕಟಕ್ಕೆ ಸಿಕ್ಕಿಬಿದ್ದಿದ್ದರು.

ಮೊದಲು ಖರ್ಚಿನ ಲೆಕ್ಕವನ್ನು ನೋಡೋಣ. ವಾಯುಮಂಡಲದ ಹೊರಗೆ, ಸೂರ್ಯನಿಗೆ ಅಭಿಮುಖವಾಗಿ ಹಿಡಿದ ಒಂದು ಚದರ ಮೀಟರಿನ ಹಲಗೆಯ ಮೇಲೆ ಬೀಳುವ ಬಿಸಿಲಿನ ಶಕ್ತಿ ಸುಮಾರು ೧,೩೬೧ ವ್ಯಾಟುಗಳು. ನಾವಿರುವುದು ಸೂರ್ಯನಿಂದ ೧೫ ಕೋಟಿ ಕಿಲೋಮೀಟರು ದೂರದಲ್ಲಿ. ಅಷ್ಟು ತ್ರಿಜ್ಯವುಳ್ಳ ಗೋಳವೊಂದನ್ನು ಸೂರ್ಯನ ಸುತ್ತಲೂ ಕಲ್ಪಿಸಿಕೊಂಡು, ಅದರ ಮೈಯ ಒಂದೊಂದು ಚದರ ಮೀಟರಿಗೂ ಇಷ್ಟೇ ಶಕ್ತಿ ಬೀಳುತ್ತದೆಯೆಂದು ಗುಣಿಸಿದರೆ ಸೂರ್ಯನ ಒಟ್ಟು ವೆಚ್ಚ ದೊರೆಯುತ್ತದೆ: ೩೮ ಎಂದು ಬರೆದು ಅದರ ಮುಂದೆ ೨೫ ಸೊನ್ನೆಗಳನ್ನಿಟ್ಟರೆ ಎಷ್ಟಾಗುವುದೋ ಅಷ್ಟು ವ್ಯಾಟುಗಳು. ಇದರಲ್ಲಿ ಭೂಮಿಗೆ ದಕ್ಕುವುದು ೨೨೦ ಕೋಟಿಯಲ್ಲಿ ಒಂದು ಪಾಲು ಮಾತ್ರ. ನಮ್ಮ ಮಳೆ, ಬೆಳೆ, ಗಾಳಿಗಳೆಲ್ಲ ನಡೆಯುವುದು ಆ ಒಂದು ಪಾಲಿನಿಂದ.

ಸೂರ್ಯನೆಲ್ಲವೂ ಉತ್ತಮ ಕಲ್ಲಿದ್ದಲೇ ಎಂದಿಟ್ಟುಕೊಳ್ಳೋಣ. ಅದು ಉರಿಯಲು ಬೇಕಾದ ಆಮ್ಲಜನಕದ ಮಾತನ್ನು ಬಿಟ್ಟುಬಿಡೋಣ. ಈ ವೇಗದಲ್ಲಿ ಉರಿದರೆ ಸೂರ್ಯನಷ್ಟು ಕಲ್ಲಿದ್ದಲು ಸುಮಾರು ೫,೦೦೦ ವರ್ಷಗಳಲ್ಲಿ ಬೂದಿಯಾಗುತ್ತದೆ. ಹರಪ್ಪದ ಜನರು ತಮ್ಮ ಇಟ್ಟಿಗೆಗಳನ್ನು ಸುಡುತ್ತಿದ್ದ ಕಾಲಕ್ಕೆ ಇದನ್ನು ಹೊತ್ತಿಸಿದ್ದರೆ ಇಂದಿಗೆ ಆರಿಹೋಗುವ ಹೊತ್ತು ಬಂದಿರುತ್ತಿತ್ತು. ಬೆಂಕಿ ಎಂಬ ಉತ್ತರ ಇಲ್ಲಿಗೇ ಮುಗಿಯಿತು.

೧೮೫೪ರಲ್ಲಿ ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಬೇರೊಂದು ಉತ್ತರವನ್ನು ಸೂಚಿಸಿದರು. ಮೇಲಿನಿಂದ ಬಿದ್ದ ಕಲ್ಲು ನೆಲಕ್ಕೆ ಬಡಿದಾಗ ಬಿಸಿಯಾಗುತ್ತದೆ. ಹಾಗೆಯೇ ಸೂರ್ಯನ ದ್ರವ್ಯವೆಲ್ಲ ತನ್ನ ತೂಕದಿಂದ ತಾನೇ ನಿಧಾನವಾಗಿ ಒಳಕ್ಕೆ ಕುಸಿಯುತ್ತಿದ್ದರೆ ಆ ಬೀಳಿನ ಶಕ್ತಿಯು ಶಾಖವಾಗಿ ಹೊರಬೀಳಬೇಕು. ಸೂರ್ಯನು ವರ್ಷಕ್ಕೆ ಕೆಲವೇ ಹತ್ತು ಮೀಟರುಗಳಷ್ಟು ಕುಗ್ಗಿದರೂ ಸಾಕು, ಇಷ್ಟು ಬಿಸಿಲು ಹುಟ್ಟುತ್ತದೆ. ಅಷ್ಟು ಅಲ್ಪವಾದ ಕುಗ್ಗುವಿಕೆ ಯಾವ ದೂರದರ್ಶಕಕ್ಕೂ ಕಾಣುವಂತಹುದಲ್ಲ. ಉತ್ತರ ಬಹು ಚೆನ್ನಾಗಿತ್ತು. ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದ ವಿಲಿಯಂ ಥಾಮ್ಸನ್ ಇದನ್ನು ಹಿಡಿದು ೧೮೬೨ರಲ್ಲಿ ಸೂರ್ಯನ ವಯಸ್ಸನ್ನು ಗುಣಿಸಿದರು. ಸೂರ್ಯನು ೧೦ ಕೋಟಿ ವರ್ಷಗಳಿಗಿಂತ ಹೆಚ್ಚು ಕಾಲ ಬೆಳಗಿರಲಾರನೆಂಬುದು ಅವರ ಅಭಿಪ್ರಾಯ. ಮುಂದಿನ ವರ್ಷಗಳಲ್ಲಿ ಅವರು ಈ ಅವಧಿಯನ್ನು ಇನ್ನೂ ಕಡಿಮೆಮಾಡಿದರು.

ಇದರಿಂದ ಪೇಚಿಗೆ ಸಿಕ್ಕಿದವರಲ್ಲಿ ಚಾರ್ಲ್ಸ್ ಡಾರ್ವಿನ್ನರೂ ಒಬ್ಬರು. ಜೀವಜಾತಿಗಳು ಅಣುವಣುವಾಗಿ ಮಾರ್ಪಟ್ಟು ಹೊಸ ಜಾತಿಗಳಾಗಬೇಕಾದರೆ ಕಾಲವು ಧಾರಾಳವಾಗಿ ಬೇಕು. ೧೮೫೯ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಡಾರ್ವಿನ್ನರು, ಇಂಗ್ಲೆಂಡಿನ ದಕ್ಷಿಣದಲ್ಲಿರುವ ಒಂದು ಕಣಿವೆ ಸವೆದು ಈಗಿನ ರೂಪಕ್ಕೆ ಬರಲು ೩೦ ಕೋಟಿ ವರ್ಷ ಹಿಡಿದಿರಬೇಕೆಂದು ಬರೆದಿದ್ದರು. ಎಲ್ಲ ಕಡೆಯಿಂದಲೂ ಆಕ್ಷೇಪಣೆಗಳು ಬಂದುದರಿಂದ ಮೂರನೆಯ ಮುದ್ರಣದಲ್ಲಿ ಆ ಲೆಕ್ಕವನ್ನೇ ತೆಗೆದುಹಾಕಿದರು. ಥಾಮ್ಸನ್ನರ ಮತವು ತಮ್ಮ ಬಲು ದೊಡ್ಡ ಚಿಂತೆಗಳಲ್ಲಿ ಒಂದೆಂದು ಅವರು ಮಿತ್ರರೊಬ್ಬರಿಗೆ ಕಾಗದ ಬರೆದುದುಂಟು. ಬಂಡೆಗಳ ಪದರಗಳನ್ನು ಎಣಿಸುತ್ತಿದ್ದ ಭೂವಿಜ್ಞಾನಿಗಳ ಗತಿಯೂ ಇದೇ. ಅವರ ಕೈಯಲ್ಲಿ ಕಲ್ಲುಗಳಿದ್ದುವು. ಎದುರಾಳಿಯ ಕೈಯಲ್ಲಿ ಗಣಿತವಿತ್ತು. ಆ ಕಾಲದಲ್ಲಿ ಗಣಿತದ ಮುಂದೆ ಕಲ್ಲುಗಳ ಮಾತು ನಡೆಯಲಿಲ್ಲ.

ಕೆಲ್ವಿನ್ನರ ಗುಣಾಕಾರದಲ್ಲಿ ದೋಷವೇನೂ ಇರಲಿಲ್ಲವೆಂಬುದನ್ನು ನಾವು ಒಪ್ಪಲೇಬೇಕು. ದೋಷವಿದ್ದುದು ಜಗತ್ತಿನಲ್ಲಿರುವ ಶಕ್ತಿಮೂಲಗಳೆಲ್ಲ ನಮಗೆ ತಿಳಿದುವೆಂಬ ಎಣಿಕೆಯಲ್ಲಿ. ನಮಗೆ ತಿಳಿಯದ ಬೇರಾವುದಾದರೂ ಮೂಲವಿದ್ದರೆ ತನ್ನ ಮಾತು ನಿಲ್ಲುವುದಿಲ್ಲವೆಂದು ಅವರೇ ೧೮೬೨ರ ಲೇಖನದಲ್ಲಿ ಸೂಚಿಸಿದ್ದರು. ಆ ಬಾಗಿಲು ೧೮೯೬ರಲ್ಲಿ ತೆರೆಯಿತು. ಯುರೇನಿಯಂ ತಾನಾಗಿಯೇ ಕಿರಣಗಳನ್ನು ಹೊರಸೂಸುತ್ತದೆಯೆಂದು ಬೆಕೆರೆಲ್ ಆ ವರ್ಷ ಕಂಡುಹಿಡಿದರು. ಯುರೇನಿಯಂ ಕ್ಷಯಿಸಿ ಸೀಸವಾಗುವ ವೇಗ ತಿಳಿದ ಮೇಲೆ ಬಂಡೆಗಳ ವಯಸ್ಸನ್ನೇ ಅಳೆಯುವುದು ಸಾಧ್ಯವಾಯಿತು. ಭೂಮಿಯ ವಯಸ್ಸು ೪೫೪ ಕೋಟಿ ವರ್ಷವೆಂದು ಇಂದು ಸಿದ್ಧಪಟ್ಟಿದೆ. ಕಲ್ಲುಗಳು ಗೆದ್ದುವು. ಆದರೆ ಸೂರ್ಯನ ಸಮಸ್ಯೆ ಇದರಿಂದ ಬಿಗಿಯಾಯಿತೇ ಹೊರತು ಸಡಿಲವಾಗಲಿಲ್ಲ. ಇಷ್ಟು ದೀರ್ಘ ಕಾಲ, ಇಷ್ಟೊಂದು ಬಿಸಿಲನ್ನು, ಹೆಚ್ಚುಕಡಿಮೆ ಒಂದೇ ಸಮನಾಗಿ ಕೊಡಬಲ್ಲ ಸೌದೆ ಯಾವುದು?

ಸುಳಿವು ದೊರೆತುದು ಒಂದು ತಕ್ಕಡಿಯಿಂದ. ಪರಮಾಣುಗಳ ದ್ರವ್ಯರಾಶಿಯನ್ನು ಅತಿ ಸೂಕ್ಷ್ಮವಾಗಿ ಅಳೆಯುವ ಉಪಕರಣವನ್ನು ಕೇಂಬ್ರಿಜ್ಜಿನಲ್ಲಿ ಆಸ್ಟನ್ ಎಂಬವರು ರಚಿಸಿದ್ದರು. ನಾಲ್ಕು ಜಲಜನಕ ಪರಮಾಣುಗಳು ಕೂಡಿದರೆ ಒಂದು ಹೀಲಿಯಂ ಪರಮಾಣು ಆಗಬೇಕಷ್ಟೆ. ಆದರೆ ೧೯೨೦ರಲ್ಲಿ ಅವರು ತೂಗಿ ನೋಡಿದಾಗ ಹೀಲಿಯಂ ಕೊಂಚ ಹಗುರವಾಗಿಯೇ ಕಂಡಿತು. ಇಂದಿನ ಅಳತೆಯಂತೆ ನಾಲ್ಕು ಜಲಜನಕಗಳ ದ್ರವ್ಯರಾಶಿ ೪.೦೩೧, ಹೀಲಿಯಮ್ಮಿನದು ೪.೦೦೩. ಸಾವಿರ ಗ್ರಾಂ ಜಲಜನಕವನ್ನು ಹೀಲಿಯಂ ಆಗಿ ಮಾರ್ಪಡಿಸಿದರೆ ೯೯೩ ಗ್ರಾಂ ಮಾತ್ರ ಉಳಿಯುತ್ತದೆ. ಕಾಣೆಯಾದ ೭ ಗ್ರಾಂ ಎಲ್ಲಿ ಹೋಯಿತು? ದ್ರವ್ಯರಾಶಿಯೂ ಶಕ್ತಿಯ ಒಂದು ರೂಪವೆಂದು ಐನ್‌ಸ್ಟೈನರು ೧೯೦೫ರಲ್ಲಿಯೇ ತೋರಿಸಿದ್ದರು. ಆ ಸೂತ್ರದಂತೆ ೭ ಗ್ರಾಂ ದ್ರವ್ಯವು ಸುಮಾರು ೨೧,೦೦೦ ಟನ್ ಕಲ್ಲಿದ್ದಲನ್ನು ಉರಿಸಿದಷ್ಟು ಶಕ್ತಿಯಾಗುತ್ತದೆ.

ಅದೇ ವರ್ಷ ಕಾರ್ಡಿಫ್ ನಗರದಲ್ಲಿ ನಡೆದ ವಿಜ್ಞಾನಿಗಳ ಸಮ್ಮೇಳನದಲ್ಲಿ ಖಗೋಳ ವಿಜ್ಞಾನಿ ಎಡಿಂಗ್ಟನ್, ಸೂರ್ಯನ ಸೌದೆ ಇದೇ ಇರಬೇಕೆಂದು ಧೈರ್ಯವಾಗಿ ನುಡಿದರು. ಹಗುರವಾದ ಪರಮಾಣುಬೀಜಗಳು ಕೂಡಿ ಭಾರವಾದ ಬೀಜವಾಗುವ ಈ ಕ್ರಿಯೆಗೆ ಬೈಜಿಕ ಸಮ್ಮಿಲನವೆಂದು ಹೆಸರು. ಈ ಕ್ರಿಯೆ ನಡೆಯುವಷ್ಟು ಬಿಸಿ ನಕ್ಷತ್ರಗಳ ಒಡಲಿನಲ್ಲಿ ಇಲ್ಲವೆಂದು ಭೌತವಿಜ್ಞಾನಿಗಳು ಆಕ್ಷೇಪಿಸಿದರು. ಹಾಗೆ ಹೇಳುವವರು ಇದಕ್ಕಿಂತ ಬಿಸಿಯಾದ ಜಾಗವನ್ನು ಹೋಗಿ ಹುಡುಕಿಕೊಳ್ಳಲಿ ಎಂಬುದು ಎಡಿಂಗ್ಟನ್ನರ ಉತ್ತರ!

ಇನ್ನೊಂದು ತೊಡಕೂ ಇದ್ದಿತು. ಸೂರ್ಯನಲ್ಲಿ ಸಾಕಷ್ಟು ಜಲಜನಕವಿದೆಯೆ? ಸೂರ್ಯನ ರೋಹಿತದಲ್ಲಿ ಕಬ್ಬಿಣ ಮೊದಲಾದ ಲೋಹಗಳ ಗೆರೆಗಳು ದಟ್ಟವಾಗಿ ಕಾಣುವುದರಿಂದ ಅವನೂ ಭೂಮಿಯಂತೆಯೇ ಲೋಹಮಯನೆಂದು ಆಗ ನಂಬಿದ್ದರು. ಗೆರೆಗಳ ದಟ್ಟತೆಯು ಧಾತುವಿನ ಮೊತ್ತವನ್ನಷ್ಟೇ ಅಲ್ಲದೆ ಉಷ್ಣತೆಯನ್ನೂ ಒತ್ತಡವನ್ನೂ ಅವಲಂಬಿಸಿದೆಯೆಂಬುದನ್ನು ತಿಳಿಸುವ ಸಮೀಕರಣವನ್ನು ೧೯೨೦ರಲ್ಲಿ ಪ್ರಕಟಿಸಿದವರು ನಮ್ಮವರೇ ಆದ ಮೇಘನಾದ ಸಾಹಾ. ಆ ಸಮೀಕರಣವನ್ನು ಬಳಸಿ ೧೯೨೫ರಲ್ಲಿ ಸಿಸಿಲಿಯಾ ಪೇನ್ ಎಂಬ ತರುಣಿ, ನಕ್ಷತ್ರಗಳಲ್ಲಿ ಜಲಜನಕವೇ ಎಲ್ಲಕ್ಕಿಂತ ಬಹುಪಾಲು ಹೆಚ್ಚೆಂದು ತೋರಿಸಿದರು. ಹಿರಿಯ ಖಗೋಳ ವಿಜ್ಞಾನಿ ರಸೆಲ್ ಇದನ್ನು ನಂಬಲಿಲ್ಲ. ಅವರ ಮಾತಿಗೆ ಮಣಿದು ಪೇನ್ ತಮ್ಮ ಪ್ರಬಂಧದಲ್ಲಿ ಈ ಫಲಿತಾಂಶ ನಿಜವಿರಲಾರದೆಂದು ಬರೆಯಬೇಕಾಯಿತು. ನಾಲ್ಕು ವರ್ಷಗಳ ಮೇಲೆ ರಸೆಲ್ಲರೇ ಬೇರೆ ದಾರಿಯಿಂದ ಅದೇ ಫಲಿತಾಂಶಕ್ಕೆ ಬಂದರು. ಸೂರ್ಯನ ಮೇಲ್ಭಾಗದ ದ್ರವ್ಯದಲ್ಲಿ ನೂರಕ್ಕೆ ಸುಮಾರು ೭೪ ಪಾಲು ಜಲಜನಕ. ಮಿಕ್ಕುದರಲ್ಲಿ ಬಹುತೇಕ ಹೀಲಿಯಂ. ಸೌದೆಯ ರಾಶಿ ಅಲ್ಲಿಯೇ ಇದ್ದಿತು.

ಇನ್ನು ಅದು ಹೊತ್ತಿಕೊಳ್ಳುವ ಬಗೆ. ಸೂರ್ಯನ ಕೇಂದ್ರದಲ್ಲಿ ಉಷ್ಣತೆ ಸುಮಾರು ೧.೫ ಕೋಟಿ ಡಿಗ್ರಿ. ಅಲ್ಲಿನ ದ್ರವ್ಯ ನೀರಿಗಿಂತ ೧೫೦ ಪಟ್ಟು ಸಾಂದ್ರವಾದುದು, ಆದರೂ ಅನಿಲವೇ. ಆ ಬಿಸಿಯಲ್ಲಿ ಪರಮಾಣುಗಳು ತಮ್ಮ ಎಲೆಕ್ಟ್ರಾನುಗಳನ್ನು ಕಳಚಿಕೊಂಡಿರುತ್ತವೆ. ಜಲಜನಕದ ಬೀಜವಾದ ಪ್ರೋಟಾನು ಸೆಕೆಂಡಿಗೆ ೬೦೦ ಕಿಲೋಮೀಟರು ವೇಗದಲ್ಲಿ ಅತ್ತಿತ್ತ ಹಾರಾಡುತ್ತಿರುತ್ತದೆ. ಎರಡು ಪ್ರೋಟಾನುಗಳೂ ಧನ ವಿದ್ಯುದಂಶವುಳ್ಳವು. ಆದುದರಿಂದ ಹತ್ತಿರ ಬಂದಷ್ಟೂ ಒಂದನ್ನೊಂದು ದೂಡುತ್ತವೆ. ಇವುಗಳ ನಡುವೆ ಕಡಿದಾದ ಗುಡ್ಡವೊಂದಿದೆಯೆಂದು ಭಾವಿಸಬಹುದು. ಆ ಗುಡ್ಡವನ್ನು ಹತ್ತಿ ಇಳಿಯಬೇಕಾದರೆ ಪ್ರೋಟಾನಿಗೆ ಇರುವುದಕ್ಕಿಂತ ನೂರಾರು ಪಟ್ಟು ಹೆಚ್ಚು ಶಕ್ತಿ ಬೇಕು. ಆಕ್ಷೇಪಣೆ ಮಾಡಿದವರ ವಾದ ಇದೇ. ಹಳೆಯ ಭೌತವಿಜ್ಞಾನದ ಮಟ್ಟಿಗೆ ಅದು ಸರಿಯಾದುದೇ. ಆದರೆ ಕಣವೊಂದು ಎದುರಿಗಿರುವ ಗುಡ್ಡವನ್ನು ಹತ್ತದೆಯೇ, ಸುರಂಗ ಕೊರೆದಂತೆ ಅದರೊಳಗಿಂದ ಆಚೆಗೆ ತೂರಿಹೋಗುವ ಸಂಭವವು ಅತ್ಯಲ್ಪವಾದರೂ ಉಂಟೆಂದು ೧೯೨೮ರಲ್ಲಿ ಜಾರ್ಜ್ ಗ್ಯಾಮೋ ಕ್ವಾಂಟಂ ಸಿದ್ಧಾಂತದಿಂದ ತೋರಿಸಿದರು. ಮರುವರ್ಷವೇ ಅಟ್ಕಿನ್ಸನ್ ಮತ್ತು ಹೌಟರ್‌ಮನ್ಸ್ ಎಂಬಿಬ್ಬರು ಇದನ್ನು ನಕ್ಷತ್ರಗಳಿಗೆ ಅನ್ವಯಿಸಿದರು. ಎಡಿಂಗ್ಟನ್ನರ ಜಾಗ ಸಾಕಷ್ಟು ಬಿಸಿಯಾಗಿಯೇ ಇದ್ದಿತು.

ಕ್ರಿಯೆಯ ಹಂತಗಳನ್ನು ಖಚಿತವಾಗಿ ಬಿಡಿಸಿಟ್ಟವರು ಹಾನ್ಸ್ ಬೇಥೆ, ಕಾಲ ೧೯೩೮–೩೯. ಮೊದಲನೆಯ ಹಂತವೇ ಎಲ್ಲಕ್ಕಿಂತ ವಿಚಿತ್ರವಾದುದು. ಎರಡು ಪ್ರೋಟಾನುಗಳು ಸುರಂಗವನ್ನು ದಾಟಿ ಸಂಧಿಸಿದರೂ ಅವು ಒಟ್ಟಿಗೆ ನಿಲ್ಲಲಾರವು. ಕೂಡಿದ ಕ್ಷಣದಲ್ಲಿಯೇ ಅಗಲುತ್ತವೆ. ಆ ಕ್ಷಣದೊಳಗೆ ಅವುಗಳಲ್ಲಿ ಒಂದು ನ್ಯೂಟ್ರಾನಾಗಿ ಮಾರ್ಪಟ್ಟರೆ ಮಾತ್ರ ಜೋಡಿ ನಿಂತು ಭಾರಜಲಜನಕದ ಬೀಜವಾಗುತ್ತದೆ. ಹಾಗೆ ಮಾರ್ಪಡಿಸುವ ಬಲವಾದರೋ ಬಹು ದುರ್ಬಲವಾದುದು. ಇದರ ಪರಿಣಾಮವನ್ನು ಕೇಳಿದರೆ ವಾಚಕರು ಬೆರಗಾಗುವರು. ಸೂರ್ಯನ ಕೇಂದ್ರದಲ್ಲಿರುವ ಒಂದು ಪ್ರೋಟಾನು ತನ್ನ ಜೊತೆಗಾರನನ್ನು ಪಡೆಯಲು ಸರಾಸರಿ ೯೦೦ರಿಂದ ೧,೦೦೦ ಕೋಟಿ ವರ್ಷ ಕಾಯಬೇಕು! ಸೂರ್ಯನು ಹುಟ್ಟಿದುದು ೪೬೦ ಕೋಟಿ ವರ್ಷಗಳ ಹಿಂದೆ. ಅಂದಿನಿಂದ ಕೇಂದ್ರದಲ್ಲಿಯೇ ಇದ್ದು ಇನ್ನೂ ಸರದಿ ಬಾರದ ಪ್ರೋಟಾನುಗಳಿಗೆ ಲೆಕ್ಕವಿಲ್ಲ. ಹಾಗಾದರೆ ಒಲೆ ನಡೆಯುವುದು ಹೇಗೆ? ಸರಾಸರಿಯೆಂದರೆ ಎಲ್ಲರೂ ಅಷ್ಟೇ ಕಾಯಬೇಕೆಂದಲ್ಲ. ಲಕ್ಷ ಚೀಟಿಗಳಲ್ಲಿ ಒಂದಕ್ಕೆ ಬಹುಮಾನ ಬರುವ ಲಾಟರಿಯಲ್ಲಿ ನಮಗೆ ಗೆಲುವಿಲ್ಲದಿದ್ದರೂ ಗೆದ್ದವನೊಬ್ಬನು ಪ್ರತಿ ಸಲವೂ ಇದ್ದೇ ಇರುತ್ತಾನೆ. ಸೂರ್ಯನಲ್ಲಿ ಚೀಟಿ ಹಿಡಿದವರ ಸಂಖ್ಯೆ ಊಹೆಗೆ ನಿಲುಕದಷ್ಟು ದೊಡ್ಡದು.

ಮಿಕ್ಕ ಹಂತಗಳು ಬೇಗ ಮುಗಿಯುತ್ತವೆ. ಭಾರಜಲಜನಕದ ಬೀಜವು ಕೆಲವೇ ಸೆಕೆಂಡುಗಳಲ್ಲಿ ಮತ್ತೊಂದು ಪ್ರೋಟಾನನ್ನು ಸೇರಿಸಿಕೊಂಡು, ಮೂರು ಕಣಗಳುಳ್ಳ ಹಗುರವಾದ ಹೀಲಿಯಂ ಆಗುತ್ತದೆ. ಅಂತಹ ಎರಡು ಹಗುರ ಹೀಲಿಯಂ ಬೀಜಗಳು ಕೆಲವು ಲಕ್ಷ ವರ್ಷಗಳಲ್ಲಿ ಸಂಧಿಸಿ ಒಂದು ಸಾಮಾನ್ಯ ಹೀಲಿಯಂ ಬೀಜವಾಗಿ, ಎರಡು ಪ್ರೋಟಾನುಗಳನ್ನು ಹೊರಕ್ಕೆ ಬಿಡುತ್ತವೆ. ಕೆಲವು ಲಕ್ಷ ವರ್ಷಗಳನ್ನು ಬೇಗವೆಂದುದಕ್ಕೆ ವಾಚಕರು ನಗಬಾರದು. ಮೊದಲನೆಯ ಹಂತಕ್ಕೆ ಹೋಲಿಸಿದರೆ ಅದು ಬೇಗವೇ. ಹೀಗೆ ಸೂರ್ಯನಲ್ಲಿ ಪ್ರತಿ ಸೆಕೆಂಡಿಗೂ ೬೦ ಕೋಟಿ ಟನ್ ಜಲಜನಕ ಹೀಲಿಯಂ ಆಗುತ್ತಿದೆ. ಅದರಲ್ಲಿ ೪೦ ಲಕ್ಷ ಟನ್ನಿಗೂ ಮೇಲ್ಪಟ್ಟ ದ್ರವ್ಯ ಶಕ್ತಿಯಾಗಿ ಹೊರಡುತ್ತಿದೆ. ಇಷ್ಟು ಖರ್ಚಿದ್ದರೂ ಇನ್ನು ಸುಮಾರು ೫೦೦ ಕೋಟಿ ವರ್ಷ ಸಾಲುವಷ್ಟು ಜಲಜನಕ ಅವನ ಕೇಂದ್ರದಲ್ಲಿದೆ.

ಸೂರ್ಯನೆಂದರೆ ಎಡೆಬಿಡದೆ ಸಿಡಿಯುತ್ತಿರುವ ಜಲಜನಕ ಬಾಂಬು ಎಂದು ಬರೆಯುವುದು ವಾಡಿಕೆ. ನಮಗೆ ಈ ಹೋಲಿಕೆ ಸರಿಯೆಂದು ತೋರುವುದಿಲ್ಲ. ಸೂರ್ಯನ ಒಟ್ಟು ಶಕ್ತಿಯನ್ನು ಅವನ ಒಟ್ಟು ದ್ರವ್ಯರಾಶಿಯಿಂದ ಭಾಗಿಸಿ ನೋಡಿ. ೬೦ ಕಿಲೋಗ್ರಾಂ ಸೂರ್ಯದ್ರವ್ಯದ ಪಾಲಿಗೆ ಬರುವುದು ಒಂದು ವ್ಯಾಟಿನ ನೂರನೆಯ ಒಂದು ಭಾಗ! ಅಷ್ಟೇ ತೂಕದ ಮನುಷ್ಯನು ಸುಮ್ಮನೆ ಕುಳಿತಿರುವಾಗಲೂ ಅವನ ಮೈಯಿಂದ ಸುಮಾರು ೧೦೦ ವ್ಯಾಟು ಶಾಖ ಹೊರಡುತ್ತಿರುತ್ತದೆ. ಆ ೧೦೦ ವ್ಯಾಟುಗಳನ್ನು ಕೊಡಲು ೫೨೦ ಟನ್ ಸೂರ್ಯದ್ರವ್ಯ ಬೇಕು. ಉರಿ ಅತಿ ಹೆಚ್ಚಾಗಿರುವ ಕೇಂದ್ರದಲ್ಲಿಯೂ, ೧೫೦ ಟನ್ ತೂಗುವ ಒಂದು ಘನ ಮೀಟರು ದ್ರವ್ಯದಲ್ಲಿ ಹುಟ್ಟುವ ಶಕ್ತಿ ೩೦೦ ವ್ಯಾಟಿಗಿಂತ ಕಡಿಮೆ. ಮಾಗುತ್ತಿರುವ ಗೊಬ್ಬರದ ತಿಪ್ಪೆಗೆ ಕೈಯಿಟ್ಟು ನೋಡಿದವರಿಗೆ ಒಳಗಿನ ಬಿಸಿ ಗೊತ್ತು. ಸೂರ್ಯನ ಕೇಂದ್ರಕ್ಕೆ ಬಾಂಬಿಗಿಂತಲೂ ಈ ತಿಪ್ಪೆಯೇ ಒಳ್ಳೆಯ ಹೋಲಿಕೆ.

ಹಾಗಾದರೆ ಸೂರ್ಯನು ಕಣ್ಣು ಕೋರೈಸುವಷ್ಟು ಬೆಳಗುವುದೇಕೆ? ಅವನ ಗಾತ್ರದಿಂದ. ಗೋಳದ ತ್ರಿಜ್ಯ ಎರಡರಷ್ಟಾದರೆ ಅದರ ಮೈ ನಾಲ್ಕರಷ್ಟಾಗುತ್ತದೆ, ಒಡಲು ಎಂಟರಷ್ಟಾಗುತ್ತದೆ. ಶಾಖ ಹುಟ್ಟುವುದು ಒಡಲಿನಲ್ಲಿ, ಹೊರಡಬೇಕಾದುದು ಮೈಯಿಂದ. ಹದಿಮೂರು ಲಕ್ಷ ಭೂಮಿಗಳು ಹಿಡಿಸುವಂತಹ ಗೋಳದಲ್ಲಿ ಒಂದೊಂದು ಚೂರಿನಿಂದಲೂ ಬರುವ ಅಲ್ಪ ಶಾಖವೇ ಕೂಡಿ, ಮೈ ೫,೫೦೦ ಡಿಗ್ರಿಗೆ ಏರದೆ ಹೊರಬೀಳಲಾರದು. ನೆಲದ ಮೇಲೆ ಸಮ್ಮಿಲನದಿಂದ ವಿದ್ಯುತ್ತನ್ನು ಪಡೆಯಹೊರಟಿರುವವರು ಸೂರ್ಯನ ಕ್ರಮವನ್ನು ಅನುಸರಿಸದಿರುವುದೂ ಇದರಿಂದಲೇ. ಅಷ್ಟು ಮಂದವಾದ ಒಲೆ ನಮಗೆ ಪ್ರಯೋಜನವಿಲ್ಲ. ಅವರು ಮೊದಲ ಹಂತವನ್ನು ಬಿಟ್ಟು ಭಾರಜಲಜನಕವನ್ನೂ ಅದಕ್ಕಿಂತ ಭಾರವಾದ ಟ್ರೀಟಿಯಮ್ಮನ್ನೂ ಕೂಡಿಸುತ್ತಾರೆ. ೧೦ ಕೋಟಿ ಡಿಗ್ರಿಗೂ ಮೀರಿದ ಉಷ್ಣತೆಯನ್ನು ಬಯಸುತ್ತಾರೆ.

ಸೂರ್ಯನ ಒಲೆ ಹತೋಟಿ ಮೀರದಿರುವುದಕ್ಕೂ ಕಾರಣವುಂಟು. ಕೇಂದ್ರದಲ್ಲಿ ಉಷ್ಣತೆ ನೂರಕ್ಕೆ ಹತ್ತರಷ್ಟು ಏರಿದರೆ ಸಮ್ಮಿಲನದ ವೇಗ ಸುಮಾರು ಒಂದೂವರೆಯಷ್ಟಾಗುತ್ತದೆ. ಬಾಂಬಿನಲ್ಲಾದರೆ ಇದರಿಂದ ಉರಿ ಉರಿಯನ್ನೇ ಬೆಳೆಸಿ ಎಲ್ಲವೂ ಸಿಡಿದುಹೋಗಬೇಕು. ಸೂರ್ಯನಲ್ಲಿ ಹೆಚ್ಚಿನ ಶಾಖವು ಒತ್ತಡವನ್ನು ಹೆಚ್ಚಿಸಿ, ಮೇಲಿನ ಭಾರವನ್ನು ಎತ್ತಿ, ಕೇಂದ್ರವನ್ನು ಹಿಗ್ಗಿಸುತ್ತದೆ. ಹಿಗ್ಗಿದ ಅನಿಲ ತಣಿಯುತ್ತದೆ. ವೇಗ ತಾನಾಗಿಯೇ ತಗ್ಗುತ್ತದೆ. ಉರಿ ಕುಂದಿದರೆ ಕೇಂದ್ರ ಕುಗ್ಗಿ ಮತ್ತೆ ಬಿಸಿಯೇರುತ್ತದೆ. ಹೆಲ್ಮ್‌ಹೋಲ್ಟ್ಸರು ಹೇಳಿದ ಕುಸಿತವು ಹೀಗೆ ಸೂರ್ಯನ ಸೌದೆಯಾಗದಿದ್ದರೂ ಅವನ ಒಲೆಗೆ ಕಾವಲಾಗಿ ನಿಂತಿದೆ.

ಇದೆಲ್ಲವೂ ಕಾಗದದ ಮೇಲಿನ ಲೆಕ್ಕ. ಕೇಂದ್ರವನ್ನು ಕಂಡವರಾರು ಎಂದು ಯಾರಾದರೂ ಕೇಳಬಹುದು. ಕೇಳಬೇಕಾದ ಮಾತೇ. ನಾವು ನೋಡುವ ಬೆಳಕು ಸೂರ್ಯನ ಮೈಯಿಂದ ನಮ್ಮಲ್ಲಿಗೆ ಬರಲು ೮ ನಿಮಿಷ ೨೦ ಸೆಕೆಂಡು ಸಾಕು. ಆದರೆ ಕೇಂದ್ರದಲ್ಲಿ ಹುಟ್ಟಿದ ಶಕ್ತಿ ಹೆಜ್ಜೆಹೆಜ್ಜೆಗೂ ತಡೆದು, ಚದರಿ, ಹಿಂದೆ ಮುಂದೆ ತಿರುಗುತ್ತ ಮೈಗೆ ಬಂದು ಮುಟ್ಟಲು ಒಂದು ಲಕ್ಷ ವರ್ಷಕ್ಕೂ ಹೆಚ್ಚು ಕಾಲ ಹಿಡಿಯುತ್ತದೆ. ಈ ಹೊತ್ತು ಒಲೆ ಆರಿಹೋಗಿದ್ದರೂ ಬೆಳಕಿನಿಂದ ನಮಗೆ ತಿಳಿಯುವಂತಿಲ್ಲ. ಆದರೆ ಮೊದಲನೆಯ ಹಂತದಲ್ಲಿ ಪ್ರೋಟಾನು ನ್ಯೂಟ್ರಾನಾಗುವಾಗ ನ್ಯೂಟ್ರಿನೋ ಎಂಬ ಕಣವೂ ಹುಟ್ಟುತ್ತದೆ. ಅದು ಯಾವುದಕ್ಕೂ ತಡೆಯದೆ ನೇರವಾಗಿ ಹೊರಬಿದ್ದು ಎಂಟು ನಿಮಿಷಗಳಲ್ಲಿ ಇಲ್ಲಿಗೆ ಬರುತ್ತದೆ. ಇಲ್ಲಿ ಭೂಮಿಯ ಒಂದೊಂದು ಚದರ ಸೆಂಟಿಮೀಟರನ್ನೂ ಸೆಕೆಂಡಿಗೆ ಸುಮಾರು ೬,೫೦೦ ಕೋಟಿ ಸೂರ್ಯನ್ಯೂಟ್ರಿನೋಗಳು ತೂರಿಹೋಗುತ್ತಿವೆ, ರಾತ್ರಿಯಲ್ಲಿಯೂ ಸಹ. ಆಗ ಅವು ಬರುವುದು ಕಾಲ ಕೆಳಗಿನಿಂದ!

ಇವನ್ನು ಹಿಡಿಯಲು ಅಮೆರಿಕದ ರೇಮಂಡ್ ಡೇವಿಸ್, ದಕ್ಷಿಣ ಡಕೋಟದ ಹೋಮ್‌ಸ್ಟೇಕ್ ಚಿನ್ನದ ಗಣಿಯಲ್ಲಿ ಸುಮಾರು ಒಂದೂವರೆ ಕಿಲೋಮೀಟರು ಆಳದಲ್ಲಿ ಒಂದು ತೊಟ್ಟಿಯನ್ನಿಟ್ಟು ಅದರಲ್ಲಿ ೬೧೫ ಟನ್ ದ್ರವವನ್ನು ತುಂಬಿದರು. ಬಟ್ಟೆಗಳನ್ನು ಒಣ ಒಗೆತಮಾಡಲು ಬಳಸುವ, ಕ್ಲೋರೀನ್ ಉಳ್ಳ ದ್ರವ ಅದು. ನ್ಯೂಟ್ರಿನೋ ತಾಗಿದ ಕ್ಲೋರೀನ್ ಪರಮಾಣು ಆರ್ಗಾನ್ ಆಗುತ್ತದೆ. ಆ ತೊಟ್ಟಿಯಲ್ಲಿ ಹುಟ್ಟಬೇಕಾದುದು ದಿನಕ್ಕೆ ಒಂದೆರಡು ಆರ್ಗಾನ್ ಪರಮಾಣು. ಅವನ್ನು ಹೊರತೆಗೆದು ಎಣಿಸುವ ಕೆಲಸವನ್ನು ಅವರು ಸುಮಾರು ಮೂವತ್ತು ವರ್ಷ ಮಾಡಿದರು. ಗಣಿಯ ಆಳವನ್ನು ಹುಡುಕಿಕೊಂಡು ಹೋಗುವುದು ಇತರ ಕಿರಣಗಳ ಕಾಟ ತಪ್ಪಿಸಿಕೊಳ್ಳಲೆಂದು. ನಮ್ಮ ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿಯೂ ೧೯೬೫ರಲ್ಲಿ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ ನ್ಯೂಟ್ರಿನೋಗಳು ಸಿಕ್ಕಿದುವು. ಆದರೆ ಅವು ವಿಶ್ವಕಿರಣಗಳು ನಮ್ಮ ವಾಯುಮಂಡಲಕ್ಕೆ ಬಡಿದು ಹುಟ್ಟಿದಂತಹವು, ಸೂರ್ಯನಿಂದ ಬಂದುವಲ್ಲ.

ಡೇವಿಸರ ಮೊದಲ ಫಲಿತಾಂಶ ೧೯೬೮ರಲ್ಲಿ ಹೊರಬಿದ್ದಿತು. ಮುಂದೆ ವರ್ಷವರ್ಷವೂ ಎಣಿಸಿದಾಗ ಸಿಕ್ಕಿದುದು ಜಾನ್ ಬಕಾಲ್ ಎಂಬ ಸಿದ್ಧಾಂತಿಯು ಲೆಕ್ಕಹಾಕಿದ್ದುದರ ಮೂರನೆಯ ಒಂದು ಪಾಲು ಮಾತ್ರ. ಡೇವಿಸರ ಎಣಿಕೆ ತಪ್ಪೇ, ಬಕಾಲರ ಲೆಕ್ಕ ತಪ್ಪೇ, ಅಥವಾ ಸೂರ್ಯನ ಕೇಂದ್ರ ನಿಜವಾಗಿಯೂ ತಣ್ಣಗಾಗುತ್ತಿದೆಯೇ? ಈ ಕಡೆಯ ಊಹೆಯನ್ನೂ ಕೆಲವರು ಗಂಭೀರವಾಗಿಯೇ ಮುಂದಿಟ್ಟರು. ನ್ಯೂಟ್ರಿನೋಗಳಲ್ಲಿ ಬೇರೆ ಬೇರೆ ಬಗೆಗಳಿದ್ದು, ದಾರಿಯಲ್ಲಿ ಒಂದು ಬಗೆಯದು ಇನ್ನೊಂದಾಗಬಹುದೆಂದು ಪಾಂಟೆಕೊರ್ವೊ ಸೂಚಿಸಿದುದಕ್ಕೆ ಆಗ ಹೆಚ್ಚು ಬೆಂಬಲ ಸಿಕ್ಕಲಿಲ್ಲ. ಕೆನಡದ ಸಡ್ಬರಿಯ ಬಳಿ, ನಿಕ್ಕಲ್ ಗಣಿಯೊಂದರಲ್ಲಿ ೧,೦೦೦ ಟನ್ ಭಾರಜಲವನ್ನಿಟ್ಟು ಎಲ್ಲ ಬಗೆಯ ನ್ಯೂಟ್ರಿನೋಗಳನ್ನೂ ಎಣಿಸಿದವರು ೨೦೦೧–೦೨ರಲ್ಲಿ ಈ ವ್ಯಾಜ್ಯವನ್ನು ತೀರಿಸಿದರು. ಎಲ್ಲವನ್ನೂ ಸೇರಿಸಿದಾಗ ಮೊತ್ತ ಸರಿಹೋಯಿತು. ಡೇವಿಸರ ಎಣಿಕೆಯೂ ಸರಿ, ಬಕಾಲರ ಲೆಕ್ಕವೂ ಸರಿ. ಕ್ಲೋರೀನಿಗೆ ಕಾಣುವುದು ಒಂದೇ ಬಗೆಯ ನ್ಯೂಟ್ರಿನೋ. ೨೦೦೨ರಲ್ಲಿ ನೊಬೆಲ್ ಬಹುಮಾನ ಬಂದಾಗ ಡೇವಿಸರಿಗೆ ೮೮ ವರ್ಷ ವಯಸ್ಸಾಗಿತ್ತು.

ಆದರೆ ಡೇವಿಸರೂ ಸಡ್ಬರಿಯವರೂ ಹಿಡಿದುದು ಹೆಚ್ಚಾಗಿ ಸಮ್ಮಿಲನದ ಒಂದು ಅಪರೂಪದ ಕವಲಿನಿಂದ ಬರುವ ಪ್ರಬಲ ನ್ಯೂಟ್ರಿನೋಗಳನ್ನು. ಎರಡು ಪ್ರೋಟಾನುಗಳು ಕೂಡುವ ಮೊದಲ ಹಂತದ ದುರ್ಬಲ ನ್ಯೂಟ್ರಿನೋಗಳನ್ನೇ ಬೇರ್ಪಡಿಸಿ ಅಳೆದವರು ಇಟಲಿಯ ಗ್ರಾನ್ ಸಾಸೊ ಪರ್ವತದ ಅಡಿಯಲ್ಲಿದ್ದ ಬೊರೆಕ್ಸಿನೊ ಪ್ರಯೋಗದವರು, ೨೦೧೪ರಲ್ಲಿ. ಆ ಎಣಿಕೆಯಿಂದ ಸೂರ್ಯನ ಕೇಂದ್ರದಲ್ಲಿ ಈಗ ಹುಟ್ಟುತ್ತಿರುವ ಶಕ್ತಿಯನ್ನು ಗುಣಿಸಿ, ಮೈಯಿಂದ ಹೊರಡುತ್ತಿರುವ ಬೆಳಕಿನ ಶಕ್ತಿಯೊಡನೆ ಇಟ್ಟು ನೋಡಿದರು. ಒಂದು ಲಕ್ಷ ವರ್ಷದ ಹಿಂದಿನ ಉರಿಗೂ ಎಂಟು ನಿಮಿಷದ ಹಿಂದಿನ ಉರಿಗೂ, ಅಳತೆಯ ಮಿತಿಯೊಳಗೆ, ವ್ಯತ್ಯಾಸ ಕಾಣಲಿಲ್ಲ.